ಎರಡು ವಾರದ ವಿದೇಶ ಅಧ್ಯಯನ ಪ್ರವಾಸದಿಂದ ವಿದ್ಯಾರ್ಥಿಗಳಿಗೆ ನಿಜವಾಗಿ ಏನಾದರೂ ದಕ್ಕುತ್ತದೆಯೇ?

ಮಗಳು ಕಾಲೇಜಿನ ತಂಡದೊಂದಿಗೆ ಎರಡು ವಾರ ಜರ್ಮನಿಗೆ ಹೊರಟಿದ್ದಾಳೆ, ಅಷ್ಟರಲ್ಲಿ ಒಂದು ದೇಶದ ಸಂಸ್ಕೃತಿ ಏನು ತಿಳಿದೀತು, ದುಡ್ಡು ದಂಡವಲ್ಲವೇ ಎಂದು ಕೇಳಿದ್ದೀರಿ. ಪದವಿ ತರಗತಿಗೆ ಇತಿಹಾಸ ಕಲಿಸುವ ನಾನು ಇಂಥ ತಂಡಗಳ ಜೊತೆ ಅಲ್ಲಿಗೆ ಹೋಗಿದ್ದೇನೆ. ದಂಡವಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಹಗಲಿನಲ್ಲಿ ಏನು ನೋಡಿದರು ಎನ್ನುವುದಕ್ಕಿಂತ ಸಂಜೆ ಕೂತು ಅದರ ಬಗ್ಗೆ ಏನು ಮಾತನಾಡಿದರು ಎನ್ನುವುದೇ ಮುಖ್ಯ.

ಮೊದಲ ದಿನಗಳಲ್ಲಿ ಕಣ್ಣಿಗೆ ಬೀಳುವುದೆಲ್ಲ ಸುಲಭದ ಸಂಗತಿಗಳು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಯಂತ್ರಕ್ಕೆ ಹಾಕಿದರೆ 25 ಸೆಂಟ್ ಮರಳಿ ಸಿಗುತ್ತದೆ. ರೈಲು ನಿಲ್ದಾಣದಲ್ಲಿ ಗೇಟುಗಳೇ ಇಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ತೆರಬೇಕು. ಮಕ್ಕಳು ಇವುಗಳ ಫೋಟೋ ಮನೆಗೆ ಕಳಿಸುತ್ತಾರೆ. ಜರ್ಮನ್ನರು ಬಲು ಶಿಸ್ತಿನವರು ಎಂದು ವಿಮಾನ ಹತ್ತುವ ಮೊದಲೇ ಇದ್ದ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗುತ್ತದೆ. ಪ್ರವಾಸ ಇಲ್ಲಿಗೇ ನಿಂತರೆ ನಿಮ್ಮ ಅನುಮಾನ ಸರಿಯೇ.

ಅದು ಎಲ್ಲಿ ತಿರುವು ಪಡೆಯುತ್ತದೆ ಎನ್ನುವುದಕ್ಕೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹೈಡೆಲ್‌ಬರ್ಗ್‌ನ ಒಂದು ಬೀದಿಯಲ್ಲಿ ನಡೆಯುವಾಗ ನಮ್ಮ ವಿದ್ಯಾರ್ಥಿನಿಯೊಬ್ಬಳು ಥಟ್ಟನೆ ನಿಂತು ಕಾಲು ಹಿಂದಕ್ಕೆ ತೆಗೆದಳು. ನೆಲದ ಕಲ್ಲುಹಾಸಿನ ನಡುವೆ ಅಂಗೈಯಗಲದ ಹಿತ್ತಾಳೆಯ ತಗಡು, ಅದರ ಮೇಲೆ ಹೆಸರು, ಹುಟ್ಟಿದ ವರ್ಷ, ಹಿಡಿದೊಯ್ದ ವರ್ಷ. ಹಿಟ್ಲರನ ನಾತ್ಸಿಗಳಿಗೆ ಬಲಿಯಾದವರು ಕೊನೆಯದಾಗಿ ಸ್ವಇಚ್ಛೆಯಿಂದ ವಾಸವಿದ್ದ ಮನೆಯ ಮುಂದೆ ಗುಂಟರ್ ಡೆಮ್ನಿಗ್ ಎಂಬ ಕಲಾವಿದರು ಹುಗಿಯುವ ‘ಸ್ಟೋಲ್ಪರ್‌ಷ್ಟೈನ್’ (ಎಡವುಗಲ್ಲು) ಎಂಬ ಕಲ್ಲುಗಳಿವು. 1992ರಲ್ಲಿ ಶುರುವಾದ ಈ ಕೆಲಸದಲ್ಲಿ ಹುಗಿದ ಕಲ್ಲುಗಳ ಸಂಖ್ಯೆ 2023ರಲ್ಲಿ ಲಕ್ಷ ದಾಟಿತು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದ ಹುಡುಗಿ ಅವಳು. “ಸತ್ತವರ ಹೆಸರನ್ನು ತುಳಿಯುವುದೇ? ಇವರಿಗೆ ಮನಸ್ಸಾದರೂ ಹೇಗೆ ಬಂತು?” ಎಂದು ಕೇಳಿದಳು.

ಆ ಸಂಜೆ ನಾವು ತೀರ್ಪು ಹೇಳಲಿಲ್ಲ. ಕಂಡದ್ದೇನು, ನಾವು ಊಹಿಸಿದ್ದೇನು, ಅಲ್ಲಿಯವರು ಏನೆನ್ನುತ್ತಾರೆ ಎಂದು ಬೇರೆ ಬೇರೆಯಾಗಿ ಬರೆಯಲು ಹೇಳಿದೆವು. ಮರುದಿನ ಅವಳು ಅಲ್ಲಿಯ ವಿದ್ಯಾರ್ಥಿಗಳನ್ನೇ ಕೇಳಿದಳು. ಕಲ್ಲಿನ ಅಕ್ಷರ ಓದಬೇಕಾದರೆ ತಲೆ ಬಾಗಲೇಬೇಕು, ಕಲಾವಿದರ ಆಶಯವೇ ಅದು ಎಂದು ಒಬ್ಬ ಹೇಳಿದ. ಇನ್ನೊಬ್ಬಳು ಮ್ಯೂನಿಕ್‌ನ ಕಥೆ ತೆಗೆದಳು. ಆ ನಗರದ ಯಹೂದಿ ಸಮುದಾಯದ ನಾಯಕಿ, ಸ್ವತಃ ನಾತ್ಸಿಗಳ ಕಾಲವನ್ನು ಬದುಕುಳಿದು ದಾಟಿದ ಷಾರ್ಲೊಟೆ ಕ್ನೋಬ್ಲೋಖ್, ಸತ್ತವರನ್ನು ಮತ್ತೆ ತುಳಿದಂತಾಗುತ್ತದೆ ಎಂದು ಈ ಕಲ್ಲುಗಳನ್ನು ವಿರೋಧಿಸಿದರು. ಸಾರ್ವಜನಿಕ ನೆಲದಲ್ಲಿ ಅವು ಬೇಡವೆಂದು ನಗರಸಭೆ 2004ರಲ್ಲಿ ತೀರ್ಮಾನಿಸಿ, 2015ರಲ್ಲಿ ಅದನ್ನೇ ಎತ್ತಿಹಿಡಿಯಿತು. 2018ರಿಂದ ಗೋಡೆ ಮತ್ತು ಕಂಬಗಳ ಮೇಲೆ ಫಲಕ ಹಾಕುತ್ತಿದೆ. ಅಲ್ಲಿಯೂ ಕೆಲವು ಕುಟುಂಬದವರಿಗೆ ಆ ಕಲ್ಲೇ ಬೇಕು. ಖಾಸಗಿ ಜಾಗದಲ್ಲಿ ಹಾಕಿಸಿದ್ದಾರೆ.

ಹುಡುಗಿಗೆ ಅಚ್ಚರಿಯಾದದ್ದು ಇಲ್ಲಿ. ತನ್ನ ಮನೆಯ ಸಂಸ್ಕಾರದಿಂದ ಬಂತೆಂದುಕೊಂಡ ಅಳುಕೇ ಅಲ್ಲಿ ಒಬ್ಬ ಹಿರಿಯ ಹೆಂಗಸಿನ ನೋವಿನ ವಾದವಾಗಿತ್ತು. ‘ಜರ್ಮನ್ನರು ಹೀಗೆ’ ಎಂಬ ವಾಕ್ಯ ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ. ಯಾವ ಜರ್ಮನ್, ಯಾವ ಊರಿನವರು ಎಂದು ಕೇಳತೊಡಗಿದಳು. ನನ್ನ ಪಾಲಿಗೆ ಸಾಂಸ್ಕೃತಿಕ ಅರಿವೆಂದರೆ ಇಷ್ಟೇ, ಮತ್ತು ಇದು ಎರಡು ವಾರದಲ್ಲಿ ಖಂಡಿತ ಸಾಧ್ಯ. ಬಾರದ ಭಾಷೆ, ಬೇರು ಬಿಟ್ಟ ಸ್ನೇಹ, ಚಳಿಗಾಲದ ಒಂಟಿತನ, ಇವೆಲ್ಲ ಅಷ್ಟರಲ್ಲಿ ದಕ್ಕುವುದಿಲ್ಲ. ಅದಕ್ಕೆ ವರ್ಷಗಳು ಬೇಕು.

ಹಾಗಾಗಿ ಹಣ ಕಟ್ಟುವ ಮೊದಲು ಕಾರ್ಯಕ್ರಮದ ಪಟ್ಟಿ ತರಿಸಿ ನೋಡಿ. ದಿನಕ್ಕೊಂದು ಊರು, ಬಸ್ಸಿನಿಂದ ಇಳಿದು ಹತ್ತುವುದು, ನಮ್ಮವರೇ ಒಟ್ಟಾಗಿ ಊಟ ಮಾಡುವುದು, ಇದೇ ತುಂಬಿದ್ದರೆ ಅದು ವಿಹಾರ. ಒಂದೇ ಊರಿನಲ್ಲಿ ಕೆಲವು ದಿನವಾದರೂ ನಿಲ್ಲುವುದು, ಅಲ್ಲಿಯ ವಿದ್ಯಾರ್ಥಿಗಳೊಂದಿಗೆ ಸೇರಿ ಮಾಡುವ ಒಂದು ಕೆಲಸ, ಸಂಜೆಯ ಚರ್ಚೆ ನಡೆಸಬಲ್ಲ ಅಧ್ಯಾಪಕರು ಇದ್ದರೆ ಕಳಿಸಿ. ಅವಳು ಫೋನ್ ಮಾಡಿದಾಗ ಊಟ ಸೇರಿತೇ, ಚಳಿಯೇ ಎಂದು ವಿಚಾರಿಸಿದ ಮೇಲೆ, ಇವತ್ತು ನಿನಗೆ ಅರ್ಥವಾಗದೆ ಹೋದದ್ದು ಯಾವುದು, ಅದನ್ನು ಅಲ್ಲಿ ಯಾರ ಬಳಿ ಕೇಳಿದೆ ಎಂದೂ ತಪ್ಪದೆ ಕೇಳಿ.