ಗ್ರೋ ಟೆಂಟಿನ ರಾತ್ರಿಗೆ ಬೆಳಕು ನುಸುಳದಂತೆ ತಡೆಯುವುದು ಹೇಗೆ?

ಪ್ರಶ್ನೆ: ಕೋಣೆಯೊಂದರಲ್ಲಿ ಗ್ರೋ ಟೆಂಟ್ (ದೀಪದ ಬೆಳಕಿನಲ್ಲಿ ಗಿಡ ಬೆಳೆಸುವ, ಜಿಪ್ ಇರುವ ಬಟ್ಟೆಯ ಗೂಡು) ಇಟ್ಟು ಸೇವಂತಿಗೆ ಮತ್ತು ಕಲಾಂಚೋ ಬೆಳೆಸುತ್ತಿದ್ದೇನೆ. ಟೆಂಟಿನ ದೀಪ ಬೆಳಿಗ್ಗೆ 6ಕ್ಕೆ ಹೊತ್ತಿಕೊಂಡು ಸಂಜೆ 6ಕ್ಕೆ ಆರುವಂತೆ ಟೈಮರ್ ಇದೆ. ಎರಡು ತಿಂಗಳಾದರೂ ಎಲೆಗಳು ಸೊಂಪಾಗಿವೆಯೇ ಹೊರತು ಮೊಗ್ಗಿನ ಸುಳಿವಿಲ್ಲ. ಕೋಣೆಯ ದೀಪ ರಾತ್ರಿ 11ರವರೆಗೆ ಉರಿಯುತ್ತದೆ, ಟೆಂಟಿನ ಜಿಪ್ಪಿನುದ್ದಕ್ಕೂ ಸೂಜಿಮೊನೆಯಷ್ಟು ತೂತುಗಳಿವೆ. ಕಾರಣ ಇದೇ ಇರಬಹುದೇ? ಸರಿಪಡಿಸುವುದು ಹೇಗೆ?

ಉತ್ತರ: ಬೆಳಕಿನ ಸೋರಿಕೆಯೇ ಕಾರಣವಾಗಿರುವ ಸಾಧ್ಯತೆ ಹೆಚ್ಚು, ಆದರೆ ತಪ್ಪು ಜಿಪ್ಪಿನ ತೂತುಗಳದ್ದು ಎಂದು ನನಗೆ ಅನ್ನಿಸುವುದಿಲ್ಲ. ಸೇವಂತಿಗೆ, ಕಲಾಂಚೋ ಎರಡೂ ಹ್ರಸ್ವದಿನ ಸಸ್ಯಗಳು, ಅಂದರೆ ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಹೂಬಿಡುವಂಥವು. ಹೆಸರಿನಲ್ಲಿ ದಿನವಿದ್ದರೂ ಅವು ಅಳೆಯುವುದು ರಾತ್ರಿಯ ಉದ್ದವನ್ನು. ಕ್ಸಾಂಥಿಯಂ ಎಂಬ ಕಳೆಗಿಡದ ಮೇಲೆ ಪ್ರಯೋಗ ನಡೆಸಿದ ಹ್ಯಾಮ್ನರ್ ಮತ್ತು ಬಾನರ್, ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲು ಮಾಡಿದರೆ ಗಿಡ ಅದನ್ನು ಲೆಕ್ಕಕ್ಕಿಡುವುದಿಲ್ಲ, ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಬಿಟ್ಟರೆ ಮಾತ್ರ ಹೂಬಿಡುವುದನ್ನು ನಿಲ್ಲಿಸುತ್ತದೆ ಎಂಬುದನ್ನು 1938ರಲ್ಲಿಯೇ ತೋರಿಸಿದ್ದರು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕಿಗೆ ಬಹಳ ಬೇಗ ಸ್ಪಂದಿಸುವುದೇ ಇದಕ್ಕೆ ಕಾರಣ. ನಿಮ್ಮ ಲೆಕ್ಕದಲ್ಲಿ ಗಿಡಗಳಿಗೆ 12 ಗಂಟೆಯ ರಾತ್ರಿ ಸಿಗುತ್ತಿದೆ. ಕೋಣೆಯ ಬೆಳಕು ಸಾಕಷ್ಟು ಪ್ರಮಾಣದಲ್ಲಿ ಒಳಗೆ ಬರುತ್ತಿದ್ದರೆ ಗಿಡದ ಲೆಕ್ಕದಲ್ಲಿ ಅದು 7 ಗಂಟೆ ಮಾತ್ರ.

'ಸಾಕಷ್ಟು' ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಬಯಲಿನಲ್ಲಿ ಬೆಳೆಯುವ ಸೇವಂತಿಗೆ ಹುಣ್ಣಿಮೆಯ ರಾತ್ರಿಗಳನ್ನು ದಾಟಿಯೇ ಹೂಬಿಡುತ್ತದೆ, ಮತ್ತು ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ 0.3 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಆಸುಪಾಸಿನಲ್ಲಿರುತ್ತದೆ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಇದಕ್ಕಿಂತ ಎಷ್ಟೋ ಮಂದವಾದ ಬೆಳಕೂ ಕಾಣುವುದರಿಂದ, ಕಂಡ ಚುಕ್ಕಿಗಳನ್ನೆಲ್ಲ ಶತ್ರುಗಳೆಂದು ತಿಳಿಯಬೇಕಾಗಿಲ್ಲ. ಪರೀಕ್ಷೆಗಾಗಿ ಕೋಣೆಯ ದೀಪಗಳನ್ನೆಲ್ಲ ಹೊತ್ತಿಸಿ, ಟೆಂಟಿನ ದೀಪ ಆರಿಸಿ, ನೀವೇ ಒಳಗೆ ಕುಳಿತು ಜಿಪ್ ಹಾಕಿಸಿಕೊಳ್ಳಿ. ಟೆಂಟ್ ಚಿಕ್ಕದಾದರೆ ತಲೆ ಮತ್ತು ಭುಜವನ್ನಷ್ಟೇ ಒಳಗಿಟ್ಟು ಹೊರಗಿನಿಂದ ದಪ್ಪ ಕಂಬಳಿ ಹೊದಿಸಿಕೊಂಡರೂ ಆದೀತು. ಒಳಹೊಕ್ಕ ಕೂಡಲೇ ತೀರ್ಮಾನಕ್ಕೆ ಬರದೆ ಕಾಲು ಗಂಟೆ ಕಾಯಿರಿ. ಆಮೇಲೆ ಕೈಯಲ್ಲಿ ಹಿಡಿದ ಕಾಗದದ ಮೇಲಿನ ಅಕ್ಷರಗಳು ಓದಲು ಬಂದರೆ, ಅಥವಾ ಎಲೆಯ ನೆರಳು ಟೆಂಟಿನ ಗೋಡೆಯ ಮೇಲೆ ಬಿದ್ದಿದ್ದರೆ, ಸೋರಿಕೆ ಖಂಡಿತ ಹೆಚ್ಚಾಗಿದೆ.

ಹೀಗೆ ಕುಳಿತಾಗ ಮೊದಲು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಗಾಳಿಯ ದಾರಿಗಳು. ತಳದ ಜಾಲರಿ ಕಿಟಕಿಯ ಮುಚ್ಚಳ ಅರ್ಧ ತೆರೆದಿರುತ್ತದೆ, ಡಕ್ಟ್ (ಗಾಳಿ ಸಾಗಿಸುವ ಕೊಳವೆ) ಹಾದುಹೋಗುವ ಬಟ್ಟೆಯ ತೋಳಿನ ಲಾಡಿ ಸಡಿಲವಾಗಿರುತ್ತದೆ, ಬಳಸದ ತೋಳೊಂದು ಬಾಯಿಬಿಟ್ಟುಕೊಂಡಿರುತ್ತದೆ. ಬಳಸದ ತೋಳನ್ನು ತಿರುಚಿ, ಮಡಿಸಿ, ಲಾಡಿಯಿಂದ ಎರಡು ಸುತ್ತು ಬಿಗಿಯಿರಿ. ಬಳಸುವ ತೋಳನ್ನು ಡಕ್ಟಿನ ಮೇಲೆ ಒಂದಂಗೈ ಅಗಲಕ್ಕಾದರೂ ಎಳೆದು ಕಟ್ಟಿರಿ. ಆದರೆ ಗಾಳಿ ಒಳಬರುವ ಜಾಲರಿಯನ್ನು ಟೇಪ್ ಹಚ್ಚಿ ಮುಚ್ಚಿಬಿಡುವ ಕೆಲಸ ಮಾತ್ರ ಬೇಡ. ಎಕ್ಸಾಸ್ಟ್ ಫ್ಯಾನ್ ಗಾಳಿ ಸಿಗದೆ ಒದ್ದಾಡುತ್ತದೆ, ಟೆಂಟಿನ ಗೋಡೆಗಳು ಒಳಕ್ಕೆ ಬಾಗುತ್ತವೆ, ಆ ಎಳೆತಕ್ಕೆ ಹೊಲಿಗೆಯ ತೂತುಗಳು ಇನ್ನಷ್ಟು ಅಗಲವಾಗುತ್ತವೆ. ಜಾಲರಿಯ ಹೊರಗೆ ಎರಡು ಕಡೆ ಲಂಬಕೋನದಲ್ಲಿ ತಿರುಗುವ ಕೊಳವೆಯನ್ನೋ ರಟ್ಟಿನ ಪೆಟ್ಟಿಗೆಯನ್ನೋ ಜೋಡಿಸಿ, ಅದರ ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಗಾಳಿ ತಿರುವು ದಾಟಿ ಬರುತ್ತದೆ, ಬೆಳಕು ಕಪ್ಪು ಗೋಡೆಗೆ ಬಡಿದು ಅಲ್ಲಿಯೇ ಇಂಗುತ್ತದೆ.

ಇನ್ನು ಜಿಪ್ಪಿನ ವಿಷಯ. ಅದರ ಹೊರಗೆ ಮೇಲ್ತುದಿಯಿಂದ ತಳದವರೆಗೆ ದಪ್ಪನೆಯ ಕಪ್ಪು ಬಟ್ಟೆಯ ಪಟ್ಟಿಯನ್ನು ವೆಲ್ಕ್ರೋ ಸಹಾಯದಿಂದ ಅಂಟಿಸಿದರೆ ತೂತುಗಳೂ ಹಲ್ಲುಗಳೂ ಒಟ್ಟಿಗೆ ಮರೆಯಾಗುತ್ತವೆ. ಬೇರೆ ಕಡೆಯ ಹೊಲಿಗೆ ತೂತುಗಳಿಗೆ ಹೊರಗಿನಿಂದ ಕಪ್ಪು ಬಟ್ಟೆ ಟೇಪ್ ಸಾಕು. ಒಳಗೆ ಕಪ್ಪು ಟೇಪ್ ಹಚ್ಚಿದರೆ ಬೆಳಕನ್ನು ಪ್ರತಿಫಲಿಸಬೇಕಾದ ಮೈ ಅಷ್ಟರಮಟ್ಟಿಗೆ ನಷ್ಟವಾಗುತ್ತದೆ. ಇಷ್ಟು ತಾಳ್ಮೆ ಇಲ್ಲದವರು ಬೆಳಕು ತೂರದ ಪರದೆಯೊಂದನ್ನು ಟೆಂಟಿನ ಮೇಲೆ ಇಳಿಬಿಟ್ಟು, ಗಾಳಿಯ ದಾರಿಗಳನ್ನು ಮಾತ್ರ ತೆರೆದಿಡಬಹುದು. ನೋಡಲು ಚೆಂದವಿಲ್ಲ, ಕೆಲಸವನ್ನಂತೂ ಚೆನ್ನಾಗಿ ಮಾಡುತ್ತದೆ.

ಹೊರಗಿನ ಬೆಳಕನ್ನು ಹುಡುಕುವ ಭರದಲ್ಲಿ ಒಳಗಿನದನ್ನು ಮರೆಯಬೇಡಿ. ಟೈಮರ್, ಸ್ಮಾರ್ಟ್ ಪ್ಲಗ್, ತೇವಾಂಶ ಮಾಪಕ ಇವುಗಳ ಇಂಡಿಕೇಟರ್ ದೀಪಗಳು ರಾತ್ರಿಯಿಡೀ ಎಲೆಯ ಪಕ್ಕದಲ್ಲಿಯೇ ಉರಿಯುತ್ತಿರುತ್ತವೆ, ಅದರಲ್ಲೂ ಕೆಂಪು ದೀಪದ ಬಗ್ಗೆ ಎಚ್ಚರ ಹೆಚ್ಚು ಬೇಕು. ಕಪ್ಪು ಇನ್ಸುಲೇಷನ್ ಟೇಪಿನ ಎರಡು ಪದರ ಹಚ್ಚಿ, ಅಥವಾ ಉಪಕರಣವನ್ನೇ ಹೊರಗಿಡಿ.

ಟೈಮರಿನಲ್ಲಿಯೂ ಒಂದು ಬದಲಾವಣೆ ಅಗತ್ಯ. ಕಲಾಂಚೋಗೆ 12 ಗಂಟೆಯ ರಾತ್ರಿ ತೀರಾ ಅಂಚಿನಲ್ಲಿರುವ ಅಳತೆ. ಬೆಳಕನ್ನು 10 ಗಂಟೆಗೆ ಇಳಿಸಿ 14 ಗಂಟೆ ಕತ್ತಲು ಕೊಡಿ. ನೀವು ಕಾದ ಎರಡು ತಿಂಗಳು ಲೆಕ್ಕಕ್ಕೆ ಬರುವುದಿಲ್ಲ, ಸೋರಿಕೆ ನಿಂತ ದಿನದಿಂದ ಹೊಸದಾಗಿ ಎಣಿಸಬೇಕು. ಸೇವಂತಿಗೆಯಲ್ಲಿ ಮೂರು ನಾಲ್ಕು ವಾರಗಳಲ್ಲಿ ಕುಡಿಯ ತುದಿಯಲ್ಲಿ ಮೊಗ್ಗು ಕಾಣಬೇಕು, ಪೂರ್ತಿ ಅರಳಲು ತಳಿಯನ್ನು ಅವಲಂಬಿಸಿ 7ರಿಂದ 12 ವಾರ ಹಿಡಿಯುತ್ತದೆ. ಕಲಾಂಚೋ ಇನ್ನೂ ನಿಧಾನ. ಅಷ್ಟು ದಿನ ಸಂಜೆ ದೀಪ ಆರಿದ ಮೇಲೆ ಗಿಡ ಹೇಗಿದೆ ನೋಡೋಣ ಎಂದು ಟಾರ್ಚ್ ಹಿಡಿದು ಜಿಪ್ ತೆಗೆಯಬೇಡಿ.