ನವಾಹೊ ಮಕ್ಕಳಿಗೆ ಎಂಜಿನಿಯರಿಂಗ್: ರೋಬೋಟಿಗೆ ಚಿತ್ತಾರ ಅಂಟಿಸಿದರೆ ಸಾಕಾ?

ಪ್ರಶ್ನೆ: ನಾನು ಬೆಂಗಳೂರಿನವಳು, ಈಗ ಅಮೆರಿಕದ ಫೀನಿಕ್ಸ್‌ನಲ್ಲಿ ಕೆಲಸ. ಈ ಬೇಸಿಗೆಯಲ್ಲಿ ನಮ್ಮ ತಂಡ ನವಾಹೊ ಮೂಲನಿವಾಸಿಗಳ ಹೈಸ್ಕೂಲ್ ಮಕ್ಕಳಿಗೆ ಎಂಜಿನಿಯರಿಂಗ್ ಶಿಬಿರ ನಡೆಸಲಿದೆ. ಪಾಠ ಅವರ ಸಂಸ್ಕೃತಿಗೆ ಹೊಂದುವಂತಿರಲಿ ಎಂದು ಹೇಳಿದ್ದಾರೆ. ರೋಬೋಟಿಗೆ ಅವರ ಕಂಬಳಿಯ ಚಿತ್ತಾರ ಅಂಟಿಸೋದು, ದಾರದಾಟ ಆಡಿಸೋದು ಅಂದುಕೊಂಡಿದ್ದೇವೆ. ಇಷ್ಟು ಸಾಲುತ್ತಾ?

ಉತ್ತರ: ಸಾಲದು. ದಾರದಾಟವನ್ನಂತೂ ಕೈಬಿಡಿ. ಬೆರಳಿಗೆ ದಾರ ಸಿಕ್ಕಿಸಿ ನಕ್ಷತ್ರ, ಮನೆ ಮೂಡಿಸುವ ಆ ಆಟವನ್ನು ಅವರು ಚಳಿಗಾಲದಲ್ಲಿ ಮಾತ್ರ ಆಡುತ್ತಾರೆ. ಬೇಸಿಗೆಯಲ್ಲಿ ನೀವು ದಾರ ಹಂಚಿದರೆ ಮಕ್ಕಳು ಮುಖ ಮುಖ ನೋಡಿಕೊಂಡಾರು.

ಚಿತ್ತಾರದ ಕಥೆ ಹಳೆಯದು. 1965ರಲ್ಲಿ ಫೇರ್‌ಚೈಲ್ಡ್ ಕಂಪನಿ ನ್ಯೂ ಮೆಕ್ಸಿಕೊದ ಶಿಪ್‌ರಾಕ್‌ನಲ್ಲಿ ಸೆಮಿಕಂಡಕ್ಟರ್, ಅಂದರೆ ಎಲೆಕ್ಟ್ರಾನಿಕ್ ಚಿಪ್ ಕಾರ್ಖಾನೆ ತೆರೆಯಿತು. ದುಡಿದವರಲ್ಲಿ ಹೆಚ್ಚಿನವರು ನವಾಹೊ ಹೆಣ್ಣುಮಕ್ಕಳು. ಕಂಬಳಿಯ ವಿನ್ಯಾಸಕ್ಕೂ ಚಿಪ್ ವಿನ್ಯಾಸಕ್ಕೂ ಹೋಲಿಕೆ ಕಟ್ಟಿ ಕಂಪನಿ ಪ್ರಚಾರ ಪುಸ್ತಿಕೆಯನ್ನೇ ಮಾಡಿತ್ತು. ನೇಯುವ ಕೈಗೆ ಈ ಕೆಲಸ ಸಲೀಸು ಎಂಬ ಧಾಟಿ ಅದು. ಹೊಗಳಿಕೆ ಜೋರಾಗಿತ್ತು, ಆದರೆ ಅವರಿಗೆ ಸಿಕ್ಕಿದ್ದು ಜೋಡಣೆಯ ಕೆಲಸ. 1975ರಲ್ಲಿ ಕಾರ್ಖಾನೆ ಮುಚ್ಚಿತು.

ಹಾಗಾಗಿ ಅಲಂಕಾರ ಬಿಡಿ, ಸಮಸ್ಯೆಯಿಂದ ಶುರು ಮಾಡಿ. ಆ ಸಮಸ್ಯೆಯನ್ನು ಮಕ್ಕಳೇ ಆರಿಸಲಿ. ನವಾಹೊಗಳ ಸ್ವಯಮಾಡಳಿತದ ಪ್ರದೇಶವಾದ ನವಾಹೊ ನೇಷನ್ ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಸುಮಾರು 70,000 ಚದರ ಕಿ.ಮೀ. ಹರಡಿದೆ. ಅಲ್ಲಿ ಹತ್ತಿರಹತ್ತಿರ ಮೂರರಲ್ಲಿ ಒಂದು ಮನೆಗೆ ನಲ್ಲಿ ನೀರಿಲ್ಲ. ಪಿಕಪ್ ಗಾಡಿಯಲ್ಲಿ ಡ್ರಮ್ ಹೇರಿಕೊಂಡು ದೂರದಿಂದ ತರಬೇಕು. ಒಂದು ಡ್ರಮ್ಮಿಗೆ 208 ಲೀಟರ್ ಹಿಡಿಯುತ್ತೆ ಅನ್ನಿ, ನೀರಿನ ತೂಕವೇ 208 ಕಿಲೋ. ಮಣ್ಣುರಸ್ತೆಯಲ್ಲಿ ಗಾಡಿ ಎಷ್ಟು ಡ್ರಮ್ ತಡೆದೀತು? ವಯಸ್ಸಾದ ಅಜ್ಜಿ ಒಬ್ಬರೇ ಅದನ್ನು ಖಾಲಿ ಮಾಡೋದು ಹೇಗೆ? ಪಂಪ್ ಇಲ್ಲದೆ ಅಡುಗೆಮನೆಗೆ ನೀರು ಹರಿಯಬೇಕಾದರೆ ಟ್ಯಾಂಕ್ ಎಷ್ಟು ಎತ್ತರದಲ್ಲಿರಬೇಕು? ಚಳಿಯಲ್ಲಿ ಪೈಪ್ ಹೆಪ್ಪುಗಟ್ಟಿದರೆ? ಒಂದು ವಾರಕ್ಕೆ ಇದೇ ಜಾಸ್ತಿ. ಇದರಲ್ಲಿ ನಿಮಗಿಂತ ಆ ಮಕ್ಕಳಿಗೇ ಹೆಚ್ಚು ಗೊತ್ತಿರುತ್ತೆ.

ಅವರ ಸಾಂಪ್ರದಾಯಿಕ ಮನೆ ಹೋಗನ್ ಕೂಡ ಒಳ್ಳೆ ಪಾಠ. ಬಾಗಿಲು ಪೂರ್ವಕ್ಕೆ. ಕೆಲವು ಹೋಗನ್‌ಗಳ ಚಾವಣಿಯಲ್ಲಿ ಮರದ ದಿಮ್ಮಿಗಳನ್ನು ಸುತ್ತ ಸುತ್ತ ಪೇರಿಸುತ್ತಾ, ಪ್ರತಿ ಸುತ್ತನ್ನೂ ಸ್ವಲ್ಪ ಒಳಕ್ಕೆ ಸರಿಸುತ್ತಾ ಹೋಗುತ್ತಾರೆ. ಕೊನೆಗೆ ನಡುವೆ ಹೊಗೆಕಿಂಡಿ ಉಳಿಯುತ್ತೆ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತೆ ಎಂದು ಐಸ್‌ಕ್ರೀಮ್ ಕಡ್ಡಿಯಲ್ಲೇ ಕಟ್ಟಿ ನೋಡಬಹುದು. ಆದರೆ ಅದು ಪೂಜೆ, ವಿಧಿ ನಡೆಯುವ ಜಾಗವೂ ಹೌದು. ಮೊದಲು ಊರಿನ ಮೇಷ್ಟ್ರನ್ನು ಕೇಳಿ.

ಯೋಚಿಸು, ಯೋಜಿಸು, ಬಾಳು, ಹಿಂತಿರುಗಿ ನೋಡು ಎಂಬ ನಾಲ್ಕು ಹಂತಗಳನ್ನು ನವಾಹೊ ಚಿಂತನೆ ನಾಲ್ಕು ದಿಕ್ಕಿಗೆ ಹೊಂದಿಸುತ್ತೆ. 1968ರಲ್ಲಿ ಶುರುವಾದ, ನವಾಹೊಗಳದೇ ಆದ ಡಿನೇ ಕಾಲೇಜಿನ ಬೋಧನೆಗೂ ಇದೇ ಬುನಾದಿ. ನಮ್ಮ ಡಿಸೈನ್ ಹಂತಗಳಿಗೆ ಚೆನ್ನಾಗಿ ಕೂರುತ್ತಲ್ವಾ? ಆದರೂ ಅದನ್ನು ನೀವು ಹೇಳಿಕೊಡಲು ಹೋಗಬೇಡಿ. ಅಲ್ಲಿನವರೇ ಹೇಳಲಿ, ನೀವು ಕೂತು ಕೇಳಿ.

ಇನ್ನೊಂದು ಮಾತು. ಹಿರಿಯರು ಬಿಗುವಾಗಿದ್ದರೆ ಬೇಜಾರಾಗಬೇಡಿ. ಅಲ್ಲಿ 500ಕ್ಕೂ ಹೆಚ್ಚು ಯುರೇನಿಯಂ ಗಣಿಗಳು ಪಾಳುಬಿದ್ದಿವೆ. 1979ರಲ್ಲಿ ಚರ್ಚ್ ರಾಕ್‌ನಲ್ಲಿ ಗಣಿ ತ್ಯಾಜ್ಯದ ಕಟ್ಟೆ ಒಡೆದು ವಿಕಿರಣಶೀಲ ನೀರು ಪುಯೆರ್ಕೊ ನದಿಗೆ ನುಗ್ಗಿತು. ಅವರು ಕಂಡ ಎಂಜಿನಿಯರಿಂಗ್ ಅದೂ ಹೌದು.

ಪ್ರಶ್ನೆ: ಹೀಗೆಲ್ಲ ಮಾಡಿದರೆ ಗಣಿತ, ಫಿಸಿಕ್ಸ್ ಮಟ್ಟ ಇಳಿಯಲ್ವಾ?

ಉತ್ತರ: ಇಲ್ಲ. ಟ್ಯಾಂಕಿನ ಎತ್ತರ ಲೆಕ್ಕ ಹಾಕಲು ಅದೇ ಸೂತ್ರ ಬೇಕು. ಕ್ರೌನ್‌ಪಾಯಿಂಟ್‌ನ ನವಾಹೊ ಟೆಕ್ನಿಕಲ್ ಯೂನಿವರ್ಸಿಟಿಯ ಎಲೆಕ್ಟ್ರಿಕಲ್, ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ಕೊಟ್ಟಿದ್ದು ಅಬೆಟ್ (ABET) ಎಂಬ ಮಾನ್ಯತಾ ಸಂಸ್ಥೆ. ಅಮೆರಿಕದ ದೊಡ್ಡ ಕಾಲೇಜುಗಳಿಗೂ ಅದೇ ಸಂಸ್ಥೆ. ಸಾಧ್ಯವಾದರೆ ಅಲ್ಲಿನ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಶಿಬಿರಕ್ಕೆ ಕರೆಸಿ, ಓಡಾಟದ ಖರ್ಚು ನೀವೇ ಕೊಡಿ.