ಅಮೆರಿಕದ ಹಳೇ ಪೆನ್ನಿಗಳಿಗೆ ಬೆಲೆ ಬರುತ್ತಾ?

ಮಗಳ ಮನೆಯಿಂದ ಡಬ್ಬಿ ತುಂಬಾ ಅಮೆರಿಕದ ಪೆನ್ನಿ (ಒಂದು ಸೆಂಟ್ ನಾಣ್ಯ) ತಂದಿದ್ದೀರಿ, ಹಿಂಬದಿಯ ಚಿತ್ರ ಬೇರೆ ಬೇರೆ ಇದೆ, ಬೆಲೆ ಬರುತ್ತಾ ಅಂತ ಕೇಳಿದ್ದೀರಿ. ಬಹುಪಾಲಿಗೆ ಬರೋದಿಲ್ಲ. ಚಿತ್ರ ಬದಲಾದ ಮಾತ್ರಕ್ಕೆ ನಾಣ್ಯ ಅಪರೂಪ ಆಗೋದಿಲ್ಲ, ಕೋಟಿಗಟ್ಟಲೆ ಟಂಕಿಸಿದ್ದಾರೆ ಅಲ್ವಾ?

ಲಿಂಕನ್ ಮುಖ 1909ರಿಂದ ಇದೆ. ಹಿಂಬದಿಯಲ್ಲಿ 1958ರವರೆಗೆ ಗೋಧಿ ತೆನೆ, 1959ರಿಂದ 2008ರವರೆಗೆ ಲಿಂಕನ್ ಸ್ಮಾರಕ, 2009ರಲ್ಲಿ ಅವರ ಬದುಕಿನ ನಾಲ್ಕು ಚಿತ್ರ, 2010ರಿಂದ ಗುರಾಣಿ. ಗೋಧಿ ತೆನೆಯವನ್ನು ಮೊದಲು ಬೇರೆ ಮಾಡಿ. ಅದರಲ್ಲಿ 1909ರ ಕೆಳಗೆ 'ಎಸ್' (ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಗುರುತು) ಇದ್ದು, ಹಿಂಬದಿಯ ಕೆಳತುದಿಯಲ್ಲಿ 'ವಿ.ಡಿ.ಬಿ.' ಅಂತಲೂ ಇದ್ದರೆ (ವಿನ್ಯಾಸ ಮಾಡಿದ ವಿಕ್ಟರ್ ಡೇವಿಡ್ ಬ್ರೆನ್ನರ್ ಅವರ ಹೆಸರು ಅದು) ನೂರಾರು ಡಾಲರ್ ಬಾಳುತ್ತೆ, ಯಾಕಂದ್ರೆ ಟಂಕಿಸಿದ್ದೇ 4,84,000.

1943ರದು ಬೆಳ್ಳಗಿದ್ದರೆ ಉಕ್ಕಿನದು. ತಾಮ್ರ ಯುದ್ಧಕ್ಕೆ ಬೇಕಾಗಿತ್ತು. ಇದು ಬೇಕಾದಷ್ಟು ಸಿಗುತ್ತೆ. ಅದೇ ವರ್ಷದ ತಾಮ್ರದ್ದು ಮಾತ್ರ ಬಲು ಅಪರೂಪ, ಆದರೆ ಕೆಂಪಗಿದೆ ಅಂತ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ, ಆಯಸ್ಕಾಂತ ಹಿಡಿದು ನೋಡಿ, ಅಂಟಿಕೊಂಡರೆ ಉಕ್ಕಿಗೆ ತಾಮ್ರ ಲೇಪಿಸಿದ್ದು ಅಷ್ಟೇ.

ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹೊಳಪು ಬರುತ್ತೆ, ಬೆಲೆ ಹೋಗುತ್ತೆ.